ಹಸಿ ಸೌದೆಯೂ ಒಳ್ಳೆಯ ಒಲೆಯೂ

ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡು ಮತ್ತು ಅದರ ಸುತ್ತಣ ಗ್ರಾಮಗಳಲ್ಲಿ ಮಾರ್ಗಶಿರವು ಕಳೆದು ಪುಷ್ಯಮಾಸವು ಬರುವ ವೇಳೆಗೆ ಬೆಳಗಿನ ಚಳಿಯು ಬಲಿಯುತ್ತದೆ. ಈ ಸೀಮೆಯು ಸಮುದ್ರಮಟ್ಟದಿಂದ ಸುಮಾರು 800 ಮೀಟರು ಎತ್ತರದಲ್ಲಿರುವುದರಿಂದಲೂ, ದಕ್ಷಿಣಕ್ಕೆ ನೀಲಗಿರಿಯ ಬೆಟ್ಟಗಳು ಹತ್ತಿರವಾಗಿರುವುದರಿಂದಲೂ ಮಾಗಿಯ ಗಾಳಿಯು ಬಯಲುಸೀಮೆಯ ಇತರ ಭಾಗಗಳಿಗಿಂತ ತಂಪಾಗಿ ಬೀಸುವುದು. ಹಾಗೆಂದು ಶೀತದೇಶಗಳಲ್ಲಿರುವಂತೆ ಮನೆಯನ್ನು ಕಾಯಿಸುವುದಕ್ಕೆಂದೇ ಕಬ್ಬಿಣದ ಒಲೆಯನ್ನು ಇಡತಕ್ಕಷ್ಟು ತೀಕ್ಷ್ಣವಾದ ಚಳಿಯು ಅಲ್ಲಿಲ್ಲ. ಬಚ್ಚಲಮನೆಯ ಹಂಡೆಯ ಒಲೆಯೊಂದೇ ಮೂರು ಕೆಲಸಗಳನ್ನೂ ಮಾಡುತ್ತದೆ: ಸ್ನಾನಕ್ಕೆ ನೀರು ಕಾಯಿಸುವುದು, ಹಟ್ಟಿಯ ಒಳಗನ್ನು ಬೆಚ್ಚಗಿಡುವುದು, ವೃದ್ಧರಿಗೂ ಮಕ್ಕಳಿಗೂ ಕೈಕಾಲು ಕಾಯಿಸಿಕೊಳ್ಳುವ ಸ್ಥಳವಾಗುವುದು. ಅಡುಗೆಯ ಅನಿಲವು ಬಹುತೇಕ ಮನೆಗಳಿಗೆ ಬಂದಿರುವ ಈ ಕಾಲದಲ್ಲಿಯೂ ಹಂಡೆಯ ಒಲೆಯು ಆರಿಲ್ಲ. ಸಿಲಿಂಡರನ್ನು ಸ್ನಾನದ ನೀರಿಗೆ ಖರ್ಚುಮಾಡುವ ಒಕ್ಕಲು ಅಪರೂಪ.

ಈ ಒಲೆಯ ವಿಷಯದಲ್ಲಿ ಗ್ರಾಮಗಳಲ್ಲಿ ಕೇಳಿಬರುವ ದೂರು ಒಂದೇ ಬಗೆಯದು. ಒಲೆಯು ಹೊಗೆ ಕಾರುತ್ತದೆ, ಸೌದೆಯನ್ನು ನುಂಗುತ್ತದೆ, ನೀರು ಕಾಯುವುದಿಲ್ಲ, ಆದುದರಿಂದ ಒಳ್ಳೆಯ ಒಲೆಯೊಂದು ಬೇಕು. ಸರ್ಕಾರಗಳೂ ಸಂಘಸಂಸ್ಥೆಗಳೂ ಈ ದೂರನ್ನು ಇದೇ ಅರ್ಥದಲ್ಲಿ ಸ್ವೀಕರಿಸಿ ದಶಕಗಳಿಂದ ಒಲೆಗಳನ್ನು ಹಂಚುತ್ತ ಬಂದಿವೆ. ಒಲೆಯು ಸುಧಾರಿಸಬೇಕೆಂಬುದು ನಿರ್ವಿವಾದ. ಆದರೆ ದೂರಿನ ಅರ್ಧಕ್ಕಿಂತ ಹೆಚ್ಚು ಭಾಗವು ಒಲೆಯದಲ್ಲ, ಸೌದೆಯದು. ಹಸಿ ಸೌದೆಯನ್ನು ಉರಿಸುವವರೆಗೆ ಎಂತಹ ಒಲೆಯನ್ನು ತಂದಿಟ್ಟರೂ ಅದು ಕೆಟ್ಟ ಒಲೆಯೇ ಆಗುವುದು. ಚೆನ್ನಾಗಿ ಒಣಗಿದ ಸೌದೆಯು ಕೈಯಲ್ಲಿದ್ದರೆ ಮೂರು ಕಲ್ಲಿನ ಒಲೆಯೂ ಒಂದು ಮಟ್ಟಕ್ಕೆ ಮರ್ಯಾದೆಯಿಂದ ನಡೆದುಕೊಳ್ಳುವುದು. ಒಲೆಯನ್ನು ಆರಿಸಲು ಹೊರಡುವುದಕ್ಕೆ ಮುಂಚೆ ಗೃಹಸ್ಥನು ತನ್ನ ಸೌದೆಯ ರಾಶಿಯ ಬಳಿಗೆ ಹೋಗಿ ನೋಡತಕ್ಕದ್ದು.

ಗೃಹಸ್ಥನು ಎಂದು ಹೇಳಿದುದಕ್ಕೆ ಕಾರಣವುಂಟು. ಮರವನ್ನು ಯಾವಾಗ ಕಡಿಯಬೇಕು, ಯಾವಾಗ ಸೀಳಬೇಕು, ಸೌದೆಯ ಗಾಡಿಯನ್ನು ಯಾವ ತಿಂಗಳಿನಲ್ಲಿ ಕೊಳ್ಳಬೇಕು ಎಂಬುದನ್ನು ತೀರ್ಮಾನಿಸುವವರು ಸಾಮಾನ್ಯವಾಗಿ ಗಂಡಸರು. ಒಲೆಯ ಮುಂದೆ ಕುಳಿತು ಊದುಗೊಳವೆಯನ್ನು ಊದುವವರು ಹೆಂಗಸರು. ಹೊಲದ ಕೆಲಸವೆಲ್ಲ ಮುಗಿದು, ಮನೆಯಲ್ಲಿ ಒಂದು ತುಂಡು ಸೌದೆಯೂ ಉಳಿದಿಲ್ಲವೆಂದು ಒಳಗಿನಿಂದ ಮೂರು ಸಲ ಕೂಗು ಬಂದ ಮೇಲೆ ಕೊಡಲಿಯು ಹೊರಗೆ ಬರುವುದು; ಹೀಗೆ ಇಂದು ಕಡಿದ ಕೊಂಬೆಯು ನಾಳೆ ಒಲೆಯಲ್ಲಿರುತ್ತದೆ. ತೀರ್ಮಾನವು ಒಬ್ಬರದಾಗಿ ಹೊಗೆಯು ಮತ್ತೊಬ್ಬರದಾಗಿರುವಲ್ಲಿ ಸುಧಾರಣೆಯು ನಿಧಾನವಾಗುವುದು ಸಹಜವೇ. ಈ ಹೊಗೆಯು ಕಣ್ಣೀರನ್ನು ಮಾತ್ರ ತರುವುದಾಗಿದ್ದರೆ ಇಷ್ಟು ಬರೆಯುವ ಅವಶ್ಯಕತೆಯಿರಲಿಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಪ್ರಪಂಚದಾದ್ಯಂತ ಸುಮಾರು 32 ಲಕ್ಷ ಜನರು ಮೃತಪಟ್ಟರೆಂದೂ, ಅವರಲ್ಲಿ ಐದು ವರ್ಷ ತುಂಬದ ಮಕ್ಕಳೇ ಎರಡು ಲಕ್ಷಕ್ಕಿಂತ ಹೆಚ್ಚೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಶ್ವಾಸಕೋಶದ ರೋಗಗಳು, ಹೃದ್ರೋಗ, ಕಣ್ಣಿನ ಪೊರೆ ಇವೆಲ್ಲವೂ ಒಲೆಯ ಹೊಗೆಯೊಂದಿಗೆ ಸಂಬಂಧಪಟ್ಟವುಗಳು.

ಹಸಿ ಸೌದೆಯಲ್ಲಿ ಆಗತಕ್ಕ ನಷ್ಟವೇನೆಂಬುದನ್ನು ಲೆಕ್ಕದಿಂದ ನೋಡಿದರೆ ವಿಷಯವು ವಿಶದವಾಗುವುದು. ಆಗತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರಿರುವುದು ಸಾಮಾನ್ಯ. ನೀರನ್ನು ಪೂರ್ತಿಯಾಗಿ ಕಳೆದುಕೊಂಡ ಮರವು ಯಾವ ಜಾತಿಯದಾದರೂ ಒಂದು ಕಿಲೋಗ್ರಾಮಿಗೆ ಹೆಚ್ಚುಕಡಮೆ 4,400 ಕಿಲೊಕ್ಯಾಲೊರಿಗಳಷ್ಟು ಶಾಖವನ್ನು ಕೊಡುತ್ತದೆ. ಹತ್ತು ಕಿಲೋ ಹಸಿ ಸೌದೆಯಲ್ಲಿ ಉರಿಯತಕ್ಕ ಪದಾರ್ಥವು ಐದು ಕಿಲೋ ಮಾತ್ರ. ಮಿಕ್ಕ ಐದು ಕಿಲೋ ನೀರನ್ನು ಕುದಿಸಿ ಆವಿಮಾಡುವುದಕ್ಕೆ ಕಿಲೋಗೆ ಸುಮಾರು 620 ಕಿಲೊಕ್ಯಾಲೊರಿಗಳಂತೆ 3,100 ವ್ಯಯವಾಗುವುದು. ಅಲ್ಲಿಗೆ ಉಳಿಯುವುದು 18,900. ಅದೇ ಹತ್ತು ಕಿಲೋ ಸೌದೆಯಲ್ಲಿ ನೀರು ಐದನೆಯ ಒಂದು ಪಾಲು ಮಾತ್ರ ಇದ್ದರೆ ದೊರೆಯುವ ಶಾಖವು ಸುಮಾರು 34,000. ಸೌದೆಯನ್ನು ತೂಕಕ್ಕೆ ಕೊಳ್ಳುವವನು ಹಸಿ ಸೌದೆಯನ್ನು ಕೊಂಡರೆ ಅರ್ಧ ಹಣವನ್ನು ನೀರಿಗೆ ಕೊಟ್ಟಂತಾಯಿತು. ತೊಟ್ಟಿಯಲ್ಲಿ ನೀರಿದ್ದೂ ನೀರನ್ನು ಹಣಕೊಟ್ಟು ಕೊಳ್ಳುವ ಈ ವ್ಯಾಪಾರವು ಪ್ರತಿವರ್ಷವೂ ನಡೆಯುತ್ತಿದೆ.

ಇಲ್ಲಿಗೆ ನಷ್ಟವು ನಿಲ್ಲುವುದಿಲ್ಲ. ಆವಿಗಾಗಿ ಹೋಗುವ ಶಾಖಕ್ಕಿಂತಲೂ ದೊಡ್ಡ ನಷ್ಟವೊಂದು ಬೇರೆ ಇದೆ. ಮರವು ನೇರವಾಗಿ ಉರಿಯುವುದಿಲ್ಲ. ಕಾದಾಗ ಅದರಿಂದ ಹೊರಡುವ ಅನಿಲಗಳು ಮೊದಲು ಉರಿಯುತ್ತವೆ, ಆಮೇಲೆ ಕೆಂಡವು ಉರಿಯುತ್ತದೆ. ಈ ಅನಿಲಗಳು ಪೂರ್ತಿಯಾಗಿ ಉರಿಯಬೇಕಾದರೆ ಒಲೆಯ ಗೂಡು ಚೆನ್ನಾಗಿ ಕಾದಿರಬೇಕು. ಒಳಗಿನಿಂದ ನೀರಾವಿಯು ಏಳುತ್ತಿರುವಾಗ ಗೂಡು ತಣ್ಣಗಾಗಿ ಅನಿಲಗಳು ಉರಿಯದೆಯೆ ಹೊರಗೆ ಹೋಗುತ್ತವೆ. ಉರಿಯದೆ ಹೋದ ಈ ಶಾಖದ್ರವ್ಯಕ್ಕೇ ಹೊಗೆಯೆಂದು ಹೆಸರು. ಗೋಡೆಗೆ ಹತ್ತಿದ ಕರಿಯೂ, ಕೊಳವೆಗೆ ಕಟ್ಟಿದ ಅಂಟುಮಸಿಯೂ ಉರಿಯಬೇಕಾಗಿದ್ದ ಸೌದೆಯೇ ಹೊರತು ಬೇರೆಯಲ್ಲ.

ಐದು ಜನರಿರುವ ಒಂದು ಮನೆಯಲ್ಲಿ ನೂರು ಲೀಟರು ನೀರನ್ನು 25 ಡಿಗ್ರಿಗಳಷ್ಟು ಕಾಯಿಸಬೇಕಾದರೆ ನೀರಿಗೆ ಸೇರತಕ್ಕ ಶಾಖವು 2,500 ಕಿಲೊಕ್ಯಾಲೊರಿ. ಒಣ ಸೌದೆಯಿಂದ ನೂರಕ್ಕೆ 15 ಪಾಲು ಶಾಖವು ಹಂಡೆಗೆ ಮುಟ್ಟುವುದೆಂದು ಇಟ್ಟುಕೊಂಡರೆ ಐದು ಕಿಲೋ ಸೌದೆಯು ಸಾಕು. ಹಸಿ ಸೌದೆಯಿಂದ ಹತ್ತು ಪಾಲು ಮಾತ್ರ ಮುಟ್ಟುವುದೆಂದು ಇಟ್ಟುಕೊಂಡರೆ ಹದಿಮೂರು ಕಿಲೋ ಬೇಕಾಗುವುದು. ನೀರಿನ ತೂಕವನ್ನು ಎರಡರಲ್ಲಿಯೂ ಕಳೆದು ಕೇವಲ ಮರವನ್ನು ಎಣಿಸಿದರೂ ನಾಲ್ಕು ಕಿಲೋ ಆಗುವ ಕಡೆ ಆರೂವರೆ ಕಿಲೋ ಆಗುತ್ತದೆ. ಎಂದರೆ ಒಲೆಯನ್ನು ಮುಟ್ಟದೆ, ಒಂದು ಕಾಸನ್ನೂ ಖರ್ಚುಮಾಡದೆ, ಸೌದೆಯನ್ನು ಒಣಗಿಸಿದಷ್ಟರಿಂದಲೇ ಐದು ಗಿಡಗಳಲ್ಲಿ ಎರಡು ಗಿಡಗಳು ಉಳಿಯುತ್ತವೆ. ಇಷ್ಟು ಲಾಭವನ್ನು ತೋರಿಸುವ ಒಲೆಯನ್ನು ಅಂಗಡಿಯಿಂದ ತರಬೇಕಾದರೆ ಸಾವಿರಾರು ರೂಪಾಯಿಗಳು ಬೇಕು.

ಇನ್ನು ಸೌದೆಯು ಒಣಗಿದೆಯೇ ಇಲ್ಲವೇ ಎಂಬುದನ್ನು ತಿಳಿಯುವ ಬಗೆ. ಈ ತಾಲ್ಲೂಕಿನ ರೈತರಿಗೆ ಇದನ್ನು ಹೊಸದಾಗಿ ಕಲಿಸಬೇಕಾದುದಿಲ್ಲ. ಬೇರೊಂದು ಪದಾರ್ಥದಲ್ಲಿ ಅವರು ಇದನ್ನು ಚೆನ್ನಾಗಿ ಬಲ್ಲರು. ಬೇಯಿಸಿ ಹರಡಿದ ಅರಿಶಿನದ ಕೊಂಬನ್ನು ಕೈಗೆತ್ತಿಕೊಂಡು ಮುರಿದು, ಲೋಹದಂತೆ ಟಣ್ಣೆಂಬ ನಾದವು ಬಂದರೆ ಒಣಗಿತೆಂದೂ, ಮೆತ್ತಗೆ ಬಾಗಿ ಮುರಿದರೆ ಇನ್ನೂ ಬಿಸಿಲು ಬೇಕೆಂದೂ ಅವರು ನಿರ್ಣಯಿಸುತ್ತಾರೆ. ಹಸಿ ಅರಿಶಿನವನ್ನು ಚೀಲಕ್ಕೆ ತುಂಬುವ ಮೂರ್ಖತನವನ್ನು ಯಾವ ರೈತನೂ ಮಾಡುವುದಿಲ್ಲ. ಸೌದೆಯದೂ ಇದೇ ನ್ಯಾಯ. ಎರಡು ಸೀಳುಗಳನ್ನು ಒಂದಕ್ಕೊಂದು ತಟ್ಟಿದರೆ ಒಣಗಿದವು ಗಡುಸಾಗಿ, ಖಣಿಲೆಂದು ನುಡಿಯುತ್ತವೆ. ಹಸಿಯವು ದಬ್ಬೆಂದು ಸದ್ದುಮಾಡಿ ಸುಮ್ಮನಾಗುತ್ತವೆ. ಒಣಗಿದ ತುಂಡಿನ ತುದಿಯಲ್ಲಿ ತಿರುಳಿನಿಂದ ಹೊರಕ್ಕೆ ಬಿರುಕುಗಳು ಹಬ್ಬಿರುತ್ತವೆ, ತೊಗಟೆಯು ಉಗುರಿಗೆ ಎದ್ದುಬರುತ್ತದೆ, ಬಣ್ಣವು ಮಾಸಿರುತ್ತದೆ, ಗಾತ್ರಕ್ಕೆ ತಕ್ಕ ಭಾರವಿರದೆ ಕೈಗೆ ಹಗುರವೆನಿಸುತ್ತದೆ. ಬೆಂಕಿಗೆ ಇಟ್ಟಮೇಲೆ ತುದಿಯಿಂದ ನೊರೆಯು ಉಕ್ಕಿ ಸುಯ್ಯೆಂಬ ಸದ್ದಾದರೆ ಪರೀಕ್ಷೆಯೇ ಬೇಡ. ಆದರೆ ಆ ವೇಳೆಗೆ ಕಾಲವು ಮಿಂಚಿರುತ್ತದೆ.

ಈ ಗುರುತುಗಳಲ್ಲಿ ಒಂದೊಂದೂ ಕೆಲವು ಸಲ ಮೋಸಮಾಡುವುದುಂಟು. ಬಿಸಿಲಿನಲ್ಲಿ ಎಂಟು ದಿನ ಬಿದ್ದ ಹಸಿ ತುಂಡಿಗೂ ತುದಿಯಲ್ಲಿ ಬಿರುಕು ಬರುತ್ತದೆ, ಮೇಲ್ಮೈಯು ಒಣಗಿದಂತೆ ಕಾಣುತ್ತದೆ, ನಡುವಿನಲ್ಲಿ ಮಾತ್ರ ನೀರು ಇದ್ದಂತೆಯೇ ಇರುತ್ತದೆ. ಆದಕಾರಣ ತುಂಡನ್ನು ಹೊಸದಾಗಿ ಸೀಳಿ, ಒಳಮೈಯನ್ನು ಕೆನ್ನೆಗೆ ಮುಟ್ಟಿಸಿ ನೋಡುವುದು ಮೇಲು: ಹಸಿಯಾಗಿದ್ದರೆ ತಣ್ಣಗೆ ತಾಕುವುದು. ಎರಡು ಮುಳ್ಳುಗಳುಳ್ಳ ತೇವಮಾಪಕವೆಂಬ ಚಿಕ್ಕ ಯಂತ್ರವೂ ಈಗ ದೊರೆಯುತ್ತದೆ. ಅದನ್ನೂ ಹೀಗೆ ಹೊಸದಾಗಿ ಸೀಳಿದ ಒಳಮೈಗೇ ಚುಚ್ಚಬೇಕೇ ಹೊರತು ತುದಿಗೂ ತೊಗಟೆಗೂ ಅಲ್ಲ. ಯಂತ್ರವಿಲ್ಲದವರಿಗೆ ತಕ್ಕಡಿಯೇ ಎಲ್ಲಕ್ಕಿಂತ ಪ್ರಾಮಾಣಿಕವಾದುದು. ರಾಶಿಯಲ್ಲಿ ನಾಲ್ಕು ಸೀಳುಗಳಿಗೆ ಸುಣ್ಣದ ಗುರುತು ಹಚ್ಚಿ, ಸೀಳಿದ ದಿನ ತೂಗಿ ಬರೆದಿಟ್ಟು, ಹದಿನೈದು ದಿನಗಳಿಗೊಮ್ಮೆ ಅವನ್ನೇ ತೂಗುತ್ತ ಬರಬೇಕು. ಒಣಹವೆಯ ಕಾಲದಲ್ಲಿ ತೂಕವು ಇಳಿಯುತ್ತಿರುವಷ್ಟು ಕಾಲ ನೀರು ಹೋಗುತ್ತಿದೆ. ಎರಡು ಪಕ್ಷಗಳ ತೂಕವೂ ಒಂದೇ ಆದರೆ ಗಾಳಿಯಿಂದ ಆಗಬಹುದಾದ ಒಣಗುವಿಕೆಯು ಮುಗಿಯಿತು. ಮೊದಲು ಹತ್ತು ಕಿಲೋ ತೂಗಿದ ನಾಲ್ಕು ಸೀಳುಗಳು ಆರು ಕಿಲೋ ಹತ್ತಿರಕ್ಕೆ ಬಂದು ನಿಂತರೆ ಆಶ್ಚರ್ಯಪಡಬೇಕಾದುದಿಲ್ಲ.

ತೇವವು ಎಷ್ಟಿರಬಹುದೆಂಬ ವಿಷಯದಲ್ಲಿ ಚಳಿದೇಶದವರ ಅನುಭವವು ಉಪಯುಕ್ತವಾದುದು. ಇಂಗ್ಲೆಂಡಿನಲ್ಲಿ 2021ರ ಮೇ 1ರಿಂದ, ಎರಡು ಘನಮೀಟರಿಗೆ ಕಡಮೆಯಾಗಿ ಮಾರತಕ್ಕ ಸೌದೆಯಲ್ಲಿ ತೇವವು ನೂರಕ್ಕೆ 20ನ್ನು ಮೀರಕೂಡದೆಂದು ಕಾನೂನಾಗಿದೆ. ಅಲ್ಲಿನ ಮನೆಗಳಲ್ಲಿ ಬೆಲೆಬಾಳುವ ಕಬ್ಬಿಣದ ಒಲೆಗಳಿವೆ, ಎತ್ತರವಾದ ಹೊಗೆಕೊಳವೆಗಳಿವೆ. ಆದರೂ ಸೌದೆಯನ್ನು ಕುರಿತು ಕಾನೂನು ಬೇಕಾಯಿತು. ಒಳ್ಳೆಯ ಒಲೆಯೊಂದೇ ಸಾಕೆಂಬವರಿಗೆ ಇದಕ್ಕಿಂತ ಬೇರೆ ಉತ್ತರವು ಬೇಡ. ಗುಂಡ್ಲುಪೇಟೆಯ ಬಿಸಿಲಿಗೆ ನೂರಕ್ಕೆ 20 ಎಂಬ ಮಟ್ಟವು ಕಷ್ಟವಾದುದಲ್ಲ. ಇಂಗ್ಲೆಂಡಿನವರು ಒಂದೆರಡು ವರ್ಷ ಕಾದು ಪಡೆಯುವುದನ್ನು ಇಲ್ಲಿನ ಸೂರ್ಯನು ಒಂದು ಬೇಸಿಗೆಯಲ್ಲಿ ಮಾಡಿಕೊಡುತ್ತಾನೆ, ಸೌದೆಯನ್ನು ಸೀಳಿ ಅವನ ಮುಂದೆ ಇಟ್ಟರೆ.

ಸೀಳುವುದು ಮುಖ್ಯ. ತೊಗಟೆಯಿರುವುದೇ ಮರದ ನೀರನ್ನು ಒಳಗೆ ಕಾಪಾಡುವುದಕ್ಕೆ. ದುಂಡಗಿನ ದಿಮ್ಮಿಯನ್ನು ವರ್ಷವಿಡೀ ಹಿತ್ತಲಿನಲ್ಲಿ ಕೆಡವಿದರೂ ಅದು ತುದಿಗಳಿಂದ ಮಾತ್ರ ಒಣಗುತ್ತ, ನೆಲದ ಕಡೆಯಿಂದ ಗೆದ್ದಲಿಗೆ ಆಹಾರವಾಗುವುದು. ಮುಂಗೈ ದಪ್ಪಕ್ಕೆ ಸೀಳಿ, ಒಂದು ಮೊಳಕ್ಕೆ ಮೀರದಂತೆ ಕತ್ತರಿಸಿ, ಕಲ್ಲುಗಳ ಮೇಲೆ ಒಂದು ಗೇಣು ಎತ್ತರದಲ್ಲಿ ಅಡ್ಡಗಳವನ್ನು ಹಾಕಿ, ಗಾಳಿಯಾಡುವಂತೆ ಅಡ್ಡವೂ ಉದ್ದವೂ ಪೇರಿಸತಕ್ಕದ್ದು. ಮರವು ಹಸಿಯಾಗಿರುವಾಗಲೇ ಸೀಳುವುದು ಸುಲಭವೆಂಬುದು ಕೊಡಲಿ ಹಿಡಿದವರಿಗೆಲ್ಲ ಗೊತ್ತು. ಒಣಗಿದ ಜಾಲಿಯ ದಿಮ್ಮಿಯು ಕೊಡಲಿಯನ್ನೇ ಹಿಂದಕ್ಕೆ ತಳ್ಳುವುದು.

ಕಾಲದ ವಿಷಯದಲ್ಲಿ ಈ ಸೀಮೆಯ ಮಳೆಯ ಕ್ರಮವನ್ನು ನೋಡಿಕೊಳ್ಳಬೇಕು. ಪಶ್ಚಿಮದ ಬೆಟ್ಟಗಳ ಮಳೆಯ ನೆರಳಿನಲ್ಲಿರುವ ಈ ತಾಲ್ಲೂಕಿಗೆ ಅಶ್ವಿನಿ, ಭರಣಿ, ಕೃತ್ತಿಕೆಯ ಮಳೆಗಳು ಒಂದು ಸಲವೂ, ಹಸ್ತ, ಚಿತ್ತೆ, ಸ್ವಾತಿಯ ಮಳೆಗಳು ಮತ್ತೊಂದು ಸಲವೂ ಬಲವಾಗಿ ಬರುತ್ತವೆ. ಸಂಕ್ರಾಂತಿಯಿಂದ ಯುಗಾದಿಯವರೆಗಿನ ಮೂರು ತಿಂಗಳು ಒಣಗಿಸುವುದಕ್ಕೆ ಸರಿಯಾದ ಕಾಲ. ಆಗ ಸೀಳಿದ ಸೌದೆಯನ್ನು ಚೈತ್ರದೊಳಗೆ ಮಾಡಿನಡಿಗೆ ಸೇರಿಸಿದರೆ ಮುಂದಿನ ಮಾಗಿಗೆ ನಿಶ್ಚಿಂತೆ. ದುರದೃಷ್ಟವಶಾತ್ ಆ ಮೂರು ತಿಂಗಳುಗಳೇ ಅರಿಶಿನವನ್ನು ಕಿತ್ತು ಬೇಯಿಸುವ ತಿಂಗಳುಗಳೂ ಆಗಿವೆ. ಕೈಗಳೆಲ್ಲವೂ ಕೊಪ್ಪರಿಗೆಯ ಸುತ್ತ ಇರುತ್ತವೆ. ಆಳುಗಳಿಗೆ ಕೂಲಿಯನ್ನು ಕೊಟ್ಟು ಅರಿಶಿನದ ಒಲೆಗೆ ಸೌದೆಯನ್ನು ಹೊಂದಿಸುವ ಒಕ್ಕಲಿಗನು ಅದೇ ಆಳುಗಳಿಂದ ಎರಡು ದಿನದ ಕೆಲಸದಲ್ಲಿ ಮನೆಯ ವರ್ಷದ ಸೌದೆಯನ್ನೂ ಸೀಳಿಸಿಬಿಡಬಹುದು. ಅರಿಶಿನದ ಒಲೆಗೇ ಹಸಿ ಸೌದೆಯನ್ನು ಒಟ್ಟಿ, ಬೇಯುವುದು ನಿಧಾನವಾಯಿತೆಂದು ಗೊಣಗುವವರೂ ಉಂಟು. ಆ ಒಲೆಗೆ ಹಿಂದಿನ ವರ್ಷದ ಸೌದೆಯೇ ತಕ್ಕದ್ದು. ಅದರೊಂದಿಗೆ ಒಣಗಿದ ಅರಿಶಿನದ ಎಲೆ, ತೆಂಗಿನ ಸೋಗೆ, ಹತ್ತಿಯ ಕಡ್ಡಿ, ಹಿಪ್ಪುನೇರಳೆಯ ಕಡ್ಡಿ ಇವೂ ಸಲ್ಲುತ್ತವೆ.

ಮರದ ಜಾತಿಯನ್ನು ಕುರಿತ ವಾದವು ಹಳ್ಳಿಯ ಕಟ್ಟೆಗಳಲ್ಲಿ ಮುಗಿಯದಂತಹುದು. ಜಾಲಿ, ಹುಣಸೆ, ಸರ್ವೆ ಇವು ಗಟ್ಟಿಯಾದ ಮರಗಳಾದುದರಿಂದ ಕೆಂಡವು ಬಹುಹೊತ್ತು ನಿಲ್ಲುವುದು; ಹೆಬ್ಬೇವಿನಂತಹ ಹಗುರವಾದ ಮರಗಳು ಬೇಗನೆ ಹತ್ತಿ ಬೇಗನೆ ಆರುವುವು. ಆದರೆ ತೂಕಕ್ಕೆ ತೂಕವನ್ನಿಟ್ಟು ನೋಡಿದರೆ ಒಣಗಿದ ಯಾವ ಮರವೂ ಕೊಡುವ ಶಾಖವು ಬಹುಮಟ್ಟಿಗೆ ಒಂದೇ. ಸರ್ವೆಯು ಹಸಿಯಾಗಿಯೂ ಉರಿಯುವುದೆಂಬ ಖ್ಯಾತಿಯುಂಟು. ಉರಿಯುವುದೇನೋ ನಿಜ, ಆದರೆ ಅದರಲ್ಲಿರುವ ನೀರನ್ನು ಆವಿಮಾಡುವ ಖರ್ಚು ತಪ್ಪುವುದಿಲ್ಲ. ಕಾಡಿನ ಅಂಚಿನಲ್ಲಿಯೂ ಬೀಳುಗಳಲ್ಲಿಯೂ ಹಬ್ಬಿ ಕುಳಿತಿರುವ ಲಂಟಾನದ ಕಡ್ಡಿಯು ತೆಳ್ಳಗಿರುವುದರಿಂದ ಕೆಲವು ವಾರಗಳಲ್ಲಿಯೇ ಒಣಗುತ್ತದೆ. ಸ್ವಂತ ಜಮೀನಿನ ಬೇಲಿಯಲ್ಲಿರುವ ಲಂಟಾನವನ್ನು ಕಡಿದು ಒಲೆಗೆ ಹಾಕುವುದು ಭೂಮಿಗೂ ಒಲೆಗೂ ಹಿತ. ಕಣಗಿಲೆಯ ಕಟ್ಟಿಗೆಯನ್ನು ಮಾತ್ರ ಎಂದಿಗೂ ಉರಿಸಕೂಡದು, ಅದರ ಹೊಗೆಯೂ ವಿಷವಾದುದು. ಬಣ್ಣ ಬಳಿದ ಹಲಗೆ, ಗೊಬ್ಬರದ ಚೀಲ, ಹನಿನೀರಾವರಿಯ ಹಳೆಯ ಕೊಳವೆ ಇವನ್ನು ಬೆಂಕಿ ಹೊತ್ತಿಸುವುದಕ್ಕೆಂದು ಒಲೆಗೆ ತುರುಕುವ ಅಭ್ಯಾಸವು ಈಚೆಗೆ ಬೆಳೆಯುತ್ತಿದೆ. ತೆಂಗಿನ ಗರಿಯೂ ಕರಟವೂ ಹೇರಳವಾಗಿರುವ ಊರುಗಳಲ್ಲಿ ಇದು ಸೋಮಾರಿತನವೇ ಹೊರತು ಮತ್ತೇನೂ ಅಲ್ಲ.

ಸೌದೆಯು ಒಣಗಿದ ಮೇಲೆ ಒಲೆಯ ಆಯ್ಕೆಯ ಮಾತು ಬರುವುದು. ಕರ್ಣಾಟಕದಲ್ಲಿ ಈ ವಿಷಯದ ಮೇಲೆ ನಡೆದಿರುವ ಪರಿಶ್ರಮವು ಅಲ್ಪವಾದುದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಏರ್ಪಟ್ಟ ‘ಅಸ್ತ್ರ’ ಎಂಬ ಕೇಂದ್ರದವರು ಗ್ರಾಮಗಳಲ್ಲಿ ಸೌದೆಯ ಖರ್ಚನ್ನು ಮನೆಮನೆಗೂ ಹೋಗಿ ಅಳೆದು, 1980ರ ದಶಕದ ಮೊದಲ ಭಾಗದಲ್ಲಿ ‘ಅಸ್ತ್ರ ಒಲೆ’ಯನ್ನು ರೂಪಿಸಿದರು. ಮೂರು ಪಾತ್ರೆಗಳಿಗೆ ಬಾಯಿ, ಮುಚ್ಚಿದ ಗೂಡು, ಕೆಳಗೆ ಬೂದಿ ಬೀಳುವ ಜಾಲರಿ, ಹಿಂದೆ ಹೊಗೆಕೊಳವೆ ಇವು ಅದರ ಅಂಗಗಳು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ನೂರಕ್ಕೆ ಹತ್ತು ಹದಿನೈದು ಪಾಲು ಮಾತ್ರ ಪಾತ್ರೆಗೆ ಮುಟ್ಟಿದರೆ ಇದರಲ್ಲಿ ಅದರ ಎರಡರಷ್ಟಕ್ಕಿಂತ ಹೆಚ್ಚು ಮುಟ್ಟುತ್ತಿತ್ತು. ಅದೇ ದಶಕದಲ್ಲಿ ಭಾರತ ಸರ್ಕಾರವು ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡು, 2002ರಲ್ಲಿ ಅದನ್ನು ನಿಲ್ಲಿಸುವ ವೇಳೆಗೆ ದೇಶದಲ್ಲಿ ಮೂರು ಕೋಟಿಗಿಂತ ಹೆಚ್ಚು ಒಲೆಗಳನ್ನು ಹಂಚಿತ್ತು. ಅವುಗಳಲ್ಲಿ ಬಹುಭಾಗವು ಕೆಲವು ವರ್ಷಗಳಲ್ಲಿಯೇ ಬಿರುಕುಬಿಟ್ಟು, ಕೊಳವೆಯು ಮಸಿ ಕಟ್ಟಿ, ಮೂಲೆ ಸೇರಿದವು.

ಇದಕ್ಕೆ ಕಾರಣಗಳನ್ನು ಹೇಳುವಾಗ ಗಾರೆಯವರ ಅಜಾಗರೂಕತೆಯನ್ನೂ, ಲೆಕ್ಕ ತುಂಬಿಸುವ ಆತುರವನ್ನೂ ಹೇಳುವುದು ವಾಡಿಕೆ. ಅವು ನಿಜವೇ. ಆದರೆ ಒಲೆಯನ್ನು ಕಟ್ಟಿಕೊಟ್ಟವರು ಸೌದೆಯನ್ನು ಹೇಗೆ ಸಿದ್ಧಪಡಿಸಬೇಕೆಂದು ಎಷ್ಟು ಮನೆಗಳಲ್ಲಿ ಹೇಳಿಕೊಟ್ಟರು? ಮುಚ್ಚಿದ ಗೂಡಿನ ಒಲೆಗೆ ಗಿಡ್ಡನೆಯ, ತೆಳ್ಳನೆಯ, ಒಣಗಿದ ಸೀಳುಗಳು ಬೇಕು. ಮೂರು ಕಲ್ಲಿನ ನಡುವೆ ಎರಡು ಗಜದ ಕೊಂಬೆಯನ್ನು ಹಾಗೆಯೇ ತಳ್ಳಿ, ಉರಿದಂತೆ ಒಳಕ್ಕೆ ನೂಕುತ್ತಿದ್ದ ಮನೆಯಲ್ಲಿ ಒಲೆಯ ಬಾಗಿಲನ್ನು ಮುಚ್ಚುವುದು ಹೇಗೆ? ಬಾಗಿಲು ತೆರೆದೇ ಉಳಿಯಿತು, ತಣ್ಣನೆಯ ಗಾಳಿಯು ನುಗ್ಗಿತು, ಹಸಿ ಸೌದೆಯ ಅಂಟುಮಸಿಯು ಕೊಳವೆಯನ್ನು ಕಟ್ಟಿತು, ಹೊಗೆಯು ಮನೆಯೊಳಕ್ಕೇ ತಿರುಗಿತು. ಆ ಮೇಲೆ ಒಲೆಯನ್ನು ಒಡೆದು ಹಾಕಿದ ಗೃಹಿಣಿಯನ್ನು ತಪ್ಪಿತಸ್ಥಳೆಂದು ಯಾರೂ ಹೇಳಲಾರರು. ಆಕೆಗೆ ಕೊಟ್ಟದ್ದು ಅರ್ಧ ಉಪಾಯ.

ಹಂಡೆಯ ಒಲೆಯನ್ನು ಹೊಸದಾಗಿ ಕಟ್ಟಿಸುವವರು ನೋಡಬೇಕಾದುದು ಕೆಲವೇ ಅಂಶಗಳು. ಹಂಡೆಯು ಒಲೆಯ ಮೇಲೆ ಕುಳಿತಿರಬಾರದು, ಒಲೆಯೊಳಗೆ ಇಳಿದಿರಬೇಕು. ಅದರ ಹೊಟ್ಟೆಯ ಸುತ್ತ ಎರಡು ಬೆರಳಿನಷ್ಟು ಸಂದಿಯುಳಿದು ಬಿಸಿಗಾಳಿಯು ಆ ಸಂದಿಯಲ್ಲಿ ಹರಿದು ಆಚೆ ಬದಿಯ ಕೊಳವೆಗೆ ಹೋಗುವಂತಿದ್ದರೆ ತಳವೊಂದೇ ಅಲ್ಲದೆ ಪಕ್ಕಗಳೂ ಕಾಯುವುವು. ಸಂದಿಯು ಅಗಲವಾದರೆ ಶಾಖವು ಹಂಡೆಯನ್ನು ಮುಟ್ಟದೆಯೆ ಹೋಗುವುದು, ತೀರ ಕಿರಿದಾದರೆ ಹೊಗೆಯು ಹಿಂದಕ್ಕೆ ಬರುವುದು. ಬೆಂಕಿಯು ನೆಲದ ಮೇಲೆ ಉರಿಯದೆ ಕಬ್ಬಿಣದ ಜಾಲರಿಯ ಮೇಲೆ ಉರಿಯಬೇಕು. ಕೊಳವೆಯು ಮಾಡಿನ ನೆತ್ತಿಯನ್ನು ಮೀರಿ ನಿಲ್ಲಬೇಕು, ಅದನ್ನು ಶುಚಿಮಾಡಲು ಕೆಳಗೊಂದು ಕಿಂಡಿಯಿರಬೇಕು. ಕಿಂಡಿಯಿಲ್ಲದ ಕೊಳವೆಯನ್ನು ಕಟ್ಟುವ ಗಾರೆಯವನಿಗೆ ಕೂಲಿಯನ್ನು ಕೊಡುವ ಮುಂಚೆ ಎರಡು ಸಲ ಯೋಚಿಸತಕ್ಕದ್ದು. ಹಂಡೆಗೆ ಮುಚ್ಚಳವು ಅವಶ್ಯ. ಅಂಗಡಿಯಿಂದ ಲೋಹದ ಒಲೆಯನ್ನು ಕೊಳ್ಳುವವರು, ಭಾರತೀಯ ಮಾನಕ ಬ್ಯೂರೋದ 2013ರ ನಿಯಮದಲ್ಲಿ ಬೀಸಣಿಗೆಯಿಲ್ಲದ ಒಲೆಗೆ ನೂರಕ್ಕೆ 25, ವಿದ್ಯುತ್ತಿನ ಬೀಸಣಿಗೆಯುಳ್ಳ ಒಲೆಗೆ 35 ಎಂದು ಕನಿಷ್ಠವಾದ ದಕ್ಷತೆಯು ಗೊತ್ತಾಗಿರುವುದನ್ನು ನೆನಪಿನಲ್ಲಿಟ್ಟು, ಮಾನಕದ ಗುರುತನ್ನು ಕೇಳಿ ನೋಡಿ ತೆಗೆದುಕೊಳ್ಳಬೇಕು. ಬೀಸಣಿಗೆಯ ಒಲೆಯು ಒಳ್ಳೆಯದೇ; ಆದರೆ ಕಿರುಬೆರಳಿನಷ್ಟು ಸಣ್ಣ ಚೂರುಗಳನ್ನು ದಿನವೂ ಕತ್ತರಿಸುವ ತಾಳ್ಮೆಯಿಲ್ಲದ ಮನೆಗೆ ಅದು ಆರು ತಿಂಗಳ ಅತಿಥಿ. ಬಿಸಿಲು ಬೀಳುವ ಮಾಡೂ, ಕೈಯಲ್ಲಿ ಹಣವೂ ಇರುವವರು ಸೂರ್ಯಶಾಖದ ನೀರ್ಗಾಯಿಸುವ ಯಂತ್ರವನ್ನು ಹಾಕಿಸಿಕೊಂಡರೆ ಈ ಚಿಂತೆಗಳೆಲ್ಲವೂ ವರ್ಷದ ಬಹುದಿನಗಳಲ್ಲಿ ತಪ್ಪುತ್ತವೆ.

ಮನೆಯನ್ನು ಬೆಚ್ಚಗಿಡುವ ಪ್ರಸ್ತಾಪದಲ್ಲಿ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿಯೇ ಹೇಳಬೇಕಾಗಿದೆ. ಚಳಿಯು ತಡೆಯದೆ, ಬಾಣಂತಿಯ ಕೋಣೆಗೋ ವೃದ್ಧರ ಹಾಸಿಗೆಯ ಬಳಿಗೋ ಬಾಣಲೆಯಲ್ಲಿ ಕೆಂಡವನ್ನಿಟ್ಟು, ಗಾಳಿ ಬಾರದಂತೆ ಬಾಗಿಲು ಕಿಟಕಿಗಳನ್ನು ಭದ್ರಪಡಿಸಿ ಮಲಗುವ ಪದ್ಧತಿಯುಂಟು. ಕೆಂಡದಲ್ಲಿ ಹೊಗೆಯಿಲ್ಲವಾದುದರಿಂದ ಅಪಾಯವಿಲ್ಲವೆಂಬ ನಂಬಿಕೆಯು ಪೂರ್ತಿಯಾಗಿ ತಪ್ಪು. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಮಲಗಿದವರನ್ನು ಎಬ್ಬಿಸದೆಯೆ ಕೊಲ್ಲುವ ಶಕ್ತಿಯು ಅದಕ್ಕಿದೆ. ಕೊಳವೆಯಿಲ್ಲದ ಯಾವ ಬೆಂಕಿಯೂ, ಬೂದಿ ಮುಚ್ಚಿದ ಕೆಂಡವೂ, ಮಲಗುವ ಕೋಣೆಯಲ್ಲಿರಕೂಡದು. ಹಂಡೆಯ ಒಲೆಯ ಹಿಂದಿನ ಗೋಡೆಯನ್ನು ದಪ್ಪ ಮಣ್ಣಿನಿಂದ ಕಟ್ಟಿದ ಹಳೆಯ ಮನೆಗಳಲ್ಲಿ ಆ ಗೋಡೆಯು ಸಂಜೆಯ ಬೆಂಕಿಯ ಶಾಖವನ್ನು ಹೀರಿಕೊಂಡು ಬಹುಹೊತ್ತು ಪಕ್ಕದ ಕೋಣೆಗೆ ಬಿಡುತ್ತದೆ. ಬಾಣಂತಿಯ ಹಾಸಿಗೆಯನ್ನು ಆ ಗೋಡೆಗೆ ಸೇರಿಸಿ ಹಾಕುತ್ತಿದ್ದ ಹಿರಿಯರ ಬುದ್ಧಿಯು ಕೆಂಡದ ಬಾಣಲೆಗಿಂತ ಎಷ್ಟೋ ಮೇಲು.

ಈ ತಾಲ್ಲೂಕಿಗೆ ಸೌದೆಯ ಪ್ರಶ್ನೆಯು ಮನೆಯೊಳಗೇ ಮುಗಿಯುವಂತಹುದಲ್ಲ. ಬಂಡೀಪುರದ ಅರಣ್ಯವು 1973ರಲ್ಲಿ ಹುಲಿ ಯೋಜನೆಗೆ ಸೇರಿತು. 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನಂತೆ ರಾಷ್ಟ್ರೀಯ ಉದ್ಯಾನದೊಳಗಿನಿಂದ ಸೌದೆಯನ್ನು ತರುವುದು ನಿಷಿದ್ಧ. ಆದರೂ ಕಾಡಂಚಿನ ಬಡ ಮನೆಗಳ ಹೆಂಗಸರು ಆನೆ, ಹುಲಿಗಳ ಭಯವನ್ನೂ ಕಾವಲಿನವರ ಭಯವನ್ನೂ ಒಟ್ಟಿಗೆ ಹೊತ್ತುಕೊಂಡು ತಲೆಹೊರೆಗಾಗಿ ಅಲೆದ ಕಾಲವುಂಟು. ಅಲ್ಲಿನ ಗ್ರಾಮಗಳಲ್ಲಿ ‘ನಮ್ಮ ಸಂಘ’ವೆಂಬ ಸಂಸ್ಥೆಯವರು ಅಡುಗೆಯ ಅನಿಲವನ್ನು ಮನೆಮನೆಗೂ ಒದಗಿಸಿ ಈ ಅಲೆದಾಟವನ್ನು ಬಹಳಮಟ್ಟಿಗೆ ತಗ್ಗಿಸಿದರು, 2016ರಲ್ಲಿ ಪ್ರಾರಂಭವಾದ ಉಜ್ವಲಾ ಯೋಜನೆಯೂ ಸಹಾಯಕವಾಯಿತು. ಅನಿಲವು ಅಡುಗೆಯ ಸೌದೆಯನ್ನು ಕಡಮೆಮಾಡಿತು, ಹಂಡೆಯ ಸೌದೆಯನ್ನಲ್ಲ. ಜಮೀನಿರುವವನಿಗೆ ಬದುವಿನ ಮರವಿದೆ. ಜಮೀನಿಲ್ಲದವಳು ಕೊಳ್ಳಬೇಕು, ಇಲ್ಲವೆ ಹೊರಬೇಕು. ಹದಿಮೂರು ಕಿಲೋ ಹಸಿಹೊರೆಯ ಕೆಲಸವನ್ನು ಐದು ಕಿಲೋ ಒಣಹೊರೆಯು ಮಾಡುವುದೆಂಬ ಲೆಕ್ಕವು ಆಕೆಗೆ ಕಾಗದದ ಮೇಲಿನ ಲೆಕ್ಕವಲ್ಲ, ಕತ್ತಿನ ಮೇಲಿನ ಲೆಕ್ಕ. ಆದರೆ ಒಣಗಿಸಿಡಬೇಕಾದರೆ ಮೂರು ತಿಂಗಳ ಸೌದೆಯನ್ನು ಮುಂಚಿತವಾಗಿ ಕೊಳ್ಳುವ ಹಣವೂ, ಅದನ್ನು ಮಳೆಗೆ ನೆನೆಯದಂತೆ ಇಡುವ ಸ್ಥಳವೂ ಬೇಕು. ಎರಡೂ ಇಲ್ಲದವರಿಗೆ ‘ಒಣಗಿಸಿ ಉರಿಸಿರಿ’ ಎಂದು ಉಪದೇಶಿಸುವುದು ಸುಲಭ.

ಆದುದರಿಂದ ಒಲೆಗೆ ಸಹಾಯಧನವನ್ನು ಕೊಡುವ ಅಧಿಕಾರಿಗಳೂ ಪಂಚಾಯಿತಿಗಳೂ ಸೌದೆಯ ಮಾಡಿಗೂ ಅದನ್ನು ಕೊಡುವುದು ನ್ಯಾಯವಾಗಿದೆ. ದನದ ಕೊಟ್ಟಿಗೆಗೂ, ರೇಷ್ಮೆಹುಳುವಿನ ಮನೆಗೂ, ಕೃಷಿಹೊಂಡಕ್ಕೂ ನೆರವುಂಟು. ವರ್ಷವಿಡೀ ಮನೆಯ ಹೆಂಗಸರ ಉಸಿರನ್ನು ಕಾಪಾಡುವ ನಾಲ್ಕು ಕಂಬಗಳ ಮಾಡಿಗೆ ಯಾವ ಪಟ್ಟಿಯಲ್ಲಿಯೂ ಒಂದು ಸಾಲು ದೊರೆತರೆ ಅತಿಯಾಗದು. ದಿನಕ್ಕೆ ಐದು ಕಿಲೋ ಉರಿಸುವ ಮನೆಗೆ ವರ್ಷಕ್ಕೆ ಬೇಕಾದುದು ಸುಮಾರು 1,800 ಕಿಲೋ. ಒಪ್ಪವಾಗಿ ಪೇರಿಸಿದ ಒಣ ಸೌದೆಯು ಘನಮೀಟರಿಗೆ 400 ಕಿಲೋಗೆ ಕಡಮೆಯಿಲ್ಲದೆ ತೂಗುವುದರಿಂದ ಮೂರು ಮೀಟರು ಉದ್ದ, ಒಂದು ಮೀಟರು ಅಗಲ, ಒಂದೂವರೆ ಮೀಟರು ಎತ್ತರದ ಸ್ಥಳವು ಸಾಕಾಗುವುದು. ಸ್ಥಳವಿಲ್ಲದ ಕೇರಿಗಳಲ್ಲಿ ಹತ್ತು ಮನೆಗಳಿಗೆ ಸೇರಿ ಒಂದು ಉದ್ದನೆಯ ಮಾಡನ್ನು ಹಾಕಿಸಿ, ಪಾಲು ಹಂಚಿಕೊಡಬಹುದು. ಸ್ತ್ರೀಶಕ್ತಿ ಸಂಘಗಳು ಸಂಕ್ರಾಂತಿಯಲ್ಲಿ ಒಟ್ಟಾಗಿ ಸೌದೆಯನ್ನು ಕೊಂಡು ಮಾಗಿಯಲ್ಲಿ ಸದಸ್ಯರಿಗೆ ಕೊಡುವ ಏರ್ಪಾಡೂ ಅಸಾಧ್ಯವಾದುದಲ್ಲ. ಮಾಡು ತಗಡಿನದಾದರೂ ಸೋಗೆಯದಾದರೂ ಸರಿ. ಗಾಳಿಯು ಬೀಸುವ ಬದಿಯನ್ನು ತೆರೆದಿಟ್ಟು, ಮಳೆಯು ಎರಚುವ ಬದಿಗೆ ಮಾತ್ರ ತಡಿಕೆಯನ್ನು ಕಟ್ಟಬೇಕು. ನಾಲ್ಕೂ ಕಡೆ ಗೋಡೆಯೆಬ್ಬಿಸಿದರೆ ಸೌದೆಗೆ ಬೂಸಲು ಹಿಡಿಯುವುದು. ಮನೆಯ ಗೋಡೆಗೆ ಆನಿಸದೆ ಎರಡು ಮಾರು ದೂರದಲ್ಲಿ ಹಾಕಿದರೆ ಗೆದ್ದಲೂ ಹಾವೂ ಮನೆಯೊಳಕ್ಕೆ ದಾರಿ ಹಿಡಿಯುವುದು ತಪ್ಪುತ್ತದೆ. ಹೊಸ ಸೌದೆಯನ್ನು ಒಂದು ತುದಿಯಿಂದ ಪೇರಿಸುತ್ತ, ಹಳೆಯದನ್ನು ಇನ್ನೊಂದು ತುದಿಯಿಂದ ತೆಗೆಯುತ್ತ ಬಂದರೆ ಹಸಿಯದು ಒಣಗಿದುದರೊಂದಿಗೆ ಬೆರೆಯುವುದಿಲ್ಲ. ಯಾವ ತುದಿಯಿಂದ ತೆಗೆಯಬೇಕೆಂಬುದನ್ನು ಒಲೆಯನ್ನು ಹೊತ್ತಿಸುವವರೇ ಗೊತ್ತುಮಾಡುವುದು ಮೇಲು.